ಹಾಲ್ ಆಮೇಲೆ, ಮೊದಲು ಹಮಾಲಿಗಳ ಕೂಲಿ

ಈ ವಾರ ಕೋಲಾರದಿಂದ ಬಂದ ಒಂದು ಪತ್ರ ನನ್ನನ್ನು ಸುಮ್ನೆ ಕೂರೋಕೆ ಬಿಡಲಿಲ್ಲ. ಬರೆದವರಿಗೆ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇದೆ. ಅಂಬೇಡ್ಕರರನ್ನು ಓದಿ ಬೌದ್ಧ ಧಮ್ಮಕ್ಕೆ ಬಂದವರು. ಹುಣ್ಣಿಮೆ ಹುಣ್ಣಿಮೆಗೆ ವಿಹಾರದಲ್ಲಿ ಭಿಕ್ಷುಗಳಿಗೆ ಊಟ ಹಾಕಿಸುತ್ತಾರೆ. ಈಗ ಧ್ಯಾನದ ಹಾಲ್‌ಗೆ ಎರಡು ಲಕ್ಷ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದಾರೆ. ಅದಕ್ಕೇ ಹೆಂಡತಿ ಇವರ ಜೊತೆ ಮಾತು ಬಿಟ್ಟಿದ್ದಾರೆ. ಇವರ ಪ್ರಶ್ನೆ: "ಮನೆಯವಳ ಮನಸ್ಸಿಲ್ಲದೆ ಕೊಟ್ಟರೆ ದಾನದ ಫಲ ಸಿಗುತ್ತಾ?"

ಸ್ವಾಮಿ, ಹೆಂಡತಿ ವಿಷಯ ಆಮೇಲೆ ನೋಡೋಣ. ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ: "ರೇಟ್ ಬಿದ್ದಿದ್ದಕ್ಕೆ ಹಮಾಲಿಗಳ ಕೂಲಿ ಮೂರು ವಾರ ಬಾಕಿ ಇದೆ. ನಮ್ಮ ಹುಡುಗರೇ, ಏನೂ ಅನ್ನಲ್ಲ."

ಏನಂತಾರೆ ಪಾಪ! ನಾಳೆಯೂ ನಿಮ್ಮ ಮಂಡಿಗೇ ಬರಬೇಕಲ್ವಾ? ಹದಿನೈದು ಕೆಜಿ ಬಾಕ್ಸ್‌ಗಳನ್ನು ಬೆಳಗಿನಿಂದ ಲಾರಿಗೆ ಎತ್ತಿ ಹಾಕಿ, ಸಂಜೆ ಅಂಗಡಿಯಲ್ಲಿ ಅಕ್ಕಿಯನ್ನು ಸಾಲ ಬರೆಸುತ್ತಾರೆ. ಅವರ ದುಡ್ಡಲ್ಲಿ ನೀವು ದಾನಿ ಆಗ್ತಿದ್ದೀರಿ.

ಬುದ್ಧ ಇದನ್ನೆಲ್ಲ ಬಿಡಿಸಿ ಹೇಳಿದ್ದಾನೆ. ಸಜ್ಜನರ ದಾನಕ್ಕೆ ಅಂಗುತ್ತರ ನಿಕಾಯ ಅನ್ನೋ ಬುದ್ಧನ ಉಪದೇಶಗಳ ಸಂಗ್ರಹದಲ್ಲಿ ಐದು ಗುಣಗಳಿವೆ: ಶ್ರದ್ಧೆಯಿಂದ, ಗೌರವದಿಂದ, ಹೊತ್ತಿಗೆ ಸರಿಯಾಗಿ, ಬಿಚ್ಚು ಮನಸ್ಸಿನಿಂದ, ತನಗೂ ಇನ್ನೊಬ್ಬರಿಗೂ ನೋವಾಗದಂತೆ ಕೊಡಬೇಕು. ನೀವು ಎಡವಿರೋದು ಐದನೆಯದರಲ್ಲಿ. ಸಂಸಾರಸ್ಥರಿಗೆ ಬುದ್ಧ ಮಾಡಿದ ಉಪದೇಶ ಸಿಗಾಲೋವಾದ ಸುತ್ತದಲ್ಲಿ ಯಜಮಾನನ ಕರ್ತವ್ಯಗಳೂ ಇವೆ. ಆಳುಗಳ ಶಕ್ತಿ ನೋಡಿ ಕೆಲಸ ಕೊಡು, ಊಟ ಕೊಡು, ಕೂಲಿ ಕೊಡು, ಕಾಯಿಲೆ ಬಿದ್ದರೆ ನೋಡಿಕೋ, ಆಗಾಗ ರಜೆ ಕೊಡು ಅಂತ. ಅದರಲ್ಲಿ ಕೂಲಿಯನ್ನು ದಾನ ಅಂತ ಕರೆದಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ನಿಮ್ಮ ಗೆಳೆಯರ ಮೇಲೆ. "ಎರಡು ಲಕ್ಷ ಮೇಲ್ಪಟ್ಟವರ ಹೆಸರು ಕಲ್ಲಲ್ಲಿ ಕೆತ್ತಿಸ್ತೀವಿ" ಅಂದರಂತೆ. ಈ ಅಂಕಣ ಓದುವವರಿಗೆ ಗೊತ್ತು, ಕಲ್ಲಿನ ಮೇಲಿನ ಹೆಸರು ಕಂಡರೆ ನನಗಾಗಲ್ಲ. ದೇವಸ್ಥಾನದ ಫ್ಯಾನಿನ ರೆಕ್ಕೆ ಮೇಲಿದ್ದರೂ ಅಷ್ಟೇ, ವಿಹಾರದ ಗೋಡೆ ಮೇಲಿದ್ದರೂ ಅಷ್ಟೇ. ಬುದ್ಧನಿಗೆ ಜೇತವನ ಅನ್ನೋ ತೋಟ ಕೊಡೋಕೆ ನೆಲದ ತುಂಬ ನಾಣ್ಯ ಹಾಸಿದ ಸಾಹುಕಾರ ಅನಾಥಪಿಂಡಿಕ ಇದ್ದನಲ್ಲ, ಅವನ ಮನೆಯಲ್ಲೂ ಒಂದು ಕಾಲಕ್ಕೆ ನುಚ್ಚಿನ ಗಂಜಿ ಬಿಟ್ಟರೆ ಕೊಡೋಕೆ ಬೇರೇನೂ ಇರಲಿಲ್ಲ. ಅದನ್ನೇ ಕೊಟ್ಟ. ಒರಟು ಊಟವಾದರೂ ಗೌರವದಿಂದ, ಸ್ವಂತ ಕೈಯಿಂದ ಕೊಡು ಎಂದು ಬುದ್ಧ ಅವನಿಗೆ ಹೇಳಿದ. ನಿಮ್ಮ ಗೆಳೆಯರಿಗೆ ಇದನ್ನು ಓದಿ ಹೇಳಿ.

ಇನ್ನು ಮನೆಯವರು. ಮಗಳ ಮದುವೆಗೆ ದುಡ್ಡೆಲ್ಲಿ ಅಂತ ಕೇಳಿದ್ದಾರೆ, ಸರಿಯಾಗೇ ಕೇಳಿದ್ದಾರೆ. ಆದಾಯದಲ್ಲಿ ಒಂದು ಪಾಲು ಬದುಕಿಗೆ, ಎರಡು ಪಾಲು ದುಡಿಮೆಗೆ, ನಾಲ್ಕನೆಯದು ಕಷ್ಟಕಾಲಕ್ಕೆ ಅನ್ನುತ್ತದೆ ಅದೇ ಸಿಗಾಲೋವಾದ ಸುತ್ತ. ಆದರೂ ಮಾತು ಬಿಟ್ಟಿದ್ದು ನನಗೆ ಹಿಡಿಸಲಿಲ್ಲ. ಕೂತು ಲೆಕ್ಕ ಕೇಳಬೇಕಿತ್ತು.

ನೀವು ಮಾಡಬೇಕಾದ್ದು ಒಂದೇ. ಈ ಶನಿವಾರ ಮಂಡಿಯಲ್ಲೇ ನಿಂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಬಾಕಿ ಪೂರ್ತಿ ಕೈಗೆ ಕೊಡಿ. ಹಾಲ್‌ಗೆ ಎಷ್ಟು ಮಿಗುತ್ತೋ ಅಷ್ಟು. ಐದು ಸಾವಿರ ಮಿಕ್ಕರೆ ಐದೇ ಸಾವಿರ, ಕಲ್ಲಲ್ಲಿ ಹೆಸರು ಬೇಡ ಅಂತ ಹೇಳಿಯೇ ಕೊಡಿ.