ಹೆಲ್ಸಿಂಕಿಯಿಂದ ಟಾಲಿನ್‌ಗೆ ಹಡಗಿನಲ್ಲೇ ಹೋಗಿ, ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ

ಜೂನ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಫಿನ್ಲೆಂಡಿನ ಹೆಲ್ಸಿಂಕಿಗೆ ಬರುತ್ತಿದ್ದೀರಿ. ಬೆಳಿಗ್ಗೆ ಹಡಗು ಹತ್ತಿ, ಎಸ್ಟೋನಿಯಾದ ಟಾಲಿನ್ ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದಾ, ಅಮ್ಮನಿಗೆ ನೀರು ಕಂಡರೆ ಭಯ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿದ್ದೀರಿ.

ಬರಬಹುದು. ದಿನಾ ಸಾವಿರಾರು ಜನ ಹಾಗೇ ಹೋಗಿ ಬರುತ್ತಾರೆ. ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ದಿನ ಇದ್ದರೆ ದಯವಿಟ್ಟು ರಾತ್ರಿ ಅಲ್ಲೇ ಉಳಿಯಿರಿ. ಯಾಕೆ ಅಂತ ಹೇಳುತ್ತೇನೆ. ನಾನು ಹೆಲ್ಸಿಂಕಿ ಪಕ್ಕದ ಎಸ್ಪೋದಲ್ಲಿ ಇದ್ದೇನೆ. ಈ ದಾರಿಯಲ್ಲಿ ಐದಾರು ಸಲ ಹೋಗಿಬಂದಿದ್ದೇನೆ. ಹೋದ ಸಲ ಹಾಸನದಿಂದ ಬಂದಿದ್ದ ಅತ್ತೆ ಮಾವನ ಜೊತೆ ಹೋಗಿದ್ದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಭಯದ ವಿಷಯ. ಅತ್ತೆ ಅದಕ್ಕಿಂತ ಮುಂಚೆ ಹತ್ತಿದ್ದ ದೊಡ್ಡ ದೋಣಿ ಅಂದರೆ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಒಂದೇ. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ನಿಂತು ದಾಟುತ್ತಿದ್ದ ಲಾಂಚ್. ಟಾಲಿನ್‌ನ ಹಡಗೂ ಅದೇ ಕೆಲಸವನ್ನೇ ಮಾಡುವುದು. ಹೊಟ್ಟೆಯೊಳಗೆ ಲಾರಿ, ಕಾರು, ಟೂರಿಸ್ಟ್ ಬಸ್ಸುಗಳು, ಮೇಲಿನ ಅಂತಸ್ತುಗಳಲ್ಲಿ ಜನ. ಗಾತ್ರ ಮಾತ್ರ ಬೇರೆ. ಲಿಫ್ಟ್ ಇದೆ, ಹೋಟೆಲುಗಳಿವೆ, ಅಂಗಡಿ ಇದೆ, ಮಕ್ಕಳಿಗೆ ಆಡಲು ಜಾಗ ಇದೆ. ಒಳಗೆ ಕಿಟಕಿ ಪಕ್ಕ ಕೂತರೆ ಹಡಗು ಹೊರಟಿದ್ದೇ ಗೊತ್ತಾಗುವುದಿಲ್ಲ. ಅತ್ತೆ ಹದಿನೈದು ನಿಮಿಷ ನನ್ನ ಹೆಂಡತಿಯ ಕೈ ಬಿಟ್ಟಿರಲಿಲ್ಲ. ಆಮೇಲೆ "ಹೊರಟಿತೇನಪ್ಪಾ?" ಅಂತ ಕೇಳಿದರು. ಬಂದರು ಆಗಲೇ ಹಿಂದೆ ಉಳಿದಿತ್ತು. ಎರಡು ಊರುಗಳ ನಡುವಿನ ಫಿನ್ಲೆಂಡ್ ಕೊಲ್ಲಿ ಜೂನ್‌ನಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಅಕ್ಟೋಬರ್, ನವೆಂಬರ್ ಗಾಳಿಯಲ್ಲಿ ತೂಗಾಟ ಜಾಸ್ತಿ. ಆಗಲೂ ಕೆಳ ಅಂತಸ್ತಿನಲ್ಲಿ ಹಡಗಿನ ನಡುಭಾಗದಲ್ಲಿ ಕೂತರೆ ಹೊಟ್ಟೆ ತೊಳೆಸುವುದು ಕಡಿಮೆ.

ದೂರ ಸುಮಾರು 80 ಕಿಲೋಮೀಟರ್. ಟಾಲಿಂಕ್ ಕಂಪನಿಯ ವೇಗದ ಹಡಗುಗಳು ಎರಡು ಗಂಟೆಯಲ್ಲಿ ಮುಟ್ಟುತ್ತವೆ. ವೈಕಿಂಗ್ ಲೈನ್, ಎಕೆರೋ ಲೈನ್ ಹಡಗುಗಳಿಗೆ ಇನ್ನೊಂದಿಷ್ಟು ಹೊತ್ತು ಬೇಕು. ಹೆಲ್ಸಿಂಕಿಯಲ್ಲಿ ಒಂದಕ್ಕಿಂತ ಹೆಚ್ಚು ಬಂದರುಗಳಿವೆ, ಒಂದಕ್ಕೊಂದು ದೂರ. ಟಿಕೆಟ್‌ನಲ್ಲಿ ಯಾವ ಟರ್ಮಿನಲ್ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಹೊರಡುವ ಸಮಯಕ್ಕಿಂತ ಮೊದಲೇ ಗೇಟ್ ಮುಚ್ಚಿಬಿಡುತ್ತಾರೆ, ವಯಸ್ಸಾದವರ ಜೊತೆ ಓಡೋದು ಬೇಡ. ಒಂದು ಗಂಟೆ ಮುಂಚೆ ಇದ್ದರೆ ನೆಮ್ಮದಿ. ಶುಕ್ರವಾರ, ಶನಿವಾರ ಬಿಟ್ಟು ವಾರದ ಮಧ್ಯೆ ಹೋದರೆ ಟಿಕೆಟ್ ಅಗ್ಗ.

ವೀಸಾದ ಚಿಂತೆ ಬೇಡ. ಎರಡೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳು, ಹಾಗಾಗಿ ಸಿಂಗಲ್ ಎಂಟ್ರಿ ವೀಸಾ ಇದ್ದರೂ ಸಾಕು, ಮಾಮೂಲಿಗೆ ಯಾರೂ ಮುದ್ರೆ ಹಾಕುವುದಿಲ್ಲ. ಆದರೂ ಮೂರು ಜನರ ಪಾಸ್‌ಪೋರ್ಟ್ ಜೊತೆಗೇ ಇರಲಿ, ನಡುನಡುವೆ ತಪಾಸಣೆ ಇರುತ್ತದೆ. ಎರಡೂ ಕಡೆ ಯೂರೋ, ಗಡಿಯಾರದ ಸಮಯವೂ ಒಂದೇ.

ಫೋನಿನ ಬಗ್ಗೆ ಒಂದು ಮಾತು. ಹಡಗು ದಡ ಬಿಟ್ಟ ಮೇಲೆ ಫೋನ್ ತಾನಾಗೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ಅದು ಯೂರೋಪಿನ ರೋಮಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ನನಗಿದು ಗೊತ್ತಿರಲಿಲ್ಲ. ಊರಿಗೆ ನಾಲ್ಕು ಫೋಟೋ ಕಳಿಸಿದ್ದಕ್ಕೆ ಮುಂದಿನ ತಿಂಗಳು ಬಂದ ಬಿಲ್ ಟಿಕೆಟ್‌ಗಿಂತ ಜಾಸ್ತಿ ಇತ್ತು. ಹತ್ತಿದ ಕೂಡಲೇ ಅಪ್ಪ ಅಮ್ಮನ ಫೋನ್ ಸಹ ಫ್ಲೈಟ್ ಮೋಡ್‌ಗೆ ಹಾಕಿ, ಹಡಗಿನ ವೈಫೈ ಬಳಸಿ.

ಇನ್ನು ಡೆಕ್. ನಾನು ಕುಂದಾಪುರದ ಕಡೆಯವನು. ಸಮುದ್ರ ಅಂದರೆ ನನಗೆ ಮೊದಲು ನೆನಪಾಗುವುದು ವಾಸನೆ. ಉಪ್ಪು, ಒಣಮೀನು, ಕೆಸರು ಎಲ್ಲ ಸೇರಿದ ವಾಸನೆ. ಬಾಲ್ಟಿಕ್ ಸಮುದ್ರದಲ್ಲಿ ಅದಿಲ್ಲ. ಮೊದಲ ಸಲ ಡೆಕ್ ಮೇಲೆ ನಿಂತಾಗ ನನಗೆ ಕಸಿವಿಸಿ ಆಯಿತು. ಮಹಾಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಈ ಕೊಲ್ಲಿಯಲ್ಲಿ ಐದಾರು ಗ್ರಾಂ ಅಷ್ಟೇ. ಸುತ್ತಲಿಂದ ನದಿಗಳು ಬಂದು ಸೇರುತ್ತಲೇ ಇರುತ್ತವೆ, ಹೊರಗಿನ ಸಾಗರಕ್ಕೆ ಇರುವ ಬಾಯಿ ಮಾತ್ರ ಡೆನ್ಮಾರ್ಕ್ ಹತ್ತಿರ ಬಲು ಕಿರಿದು. ಉಬ್ಬರ ಇಳಿತವೂ ಇಲ್ಲ ಅಂದರೆ ಇಲ್ಲ. ನಮ್ಮ ಕಡೆ ದೋಣಿ ಕಟ್ಟುವವರು ಉಬ್ಬರದ ಲೆಕ್ಕ ಹಾಕದೆ ಒಂದು ಹೆಜ್ಜೆ ಇಡುವುದಿಲ್ಲ. ಇಲ್ಲಿ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಹೆಚ್ಚುಕಮ್ಮಿ ಅಲ್ಲೇ. ಉಪ್ಪು ಕಡಿಮೆ ಇರುವುದರಿಂದ ಕಡು ಚಳಿಗಾಲದಲ್ಲಿ ಈ ನೀರು ಬೇಗ ಹೆಪ್ಪುಗಟ್ಟುತ್ತದೆ. ಹಿಮ ಸೀಳಿಕೊಂಡು ಹೋಗುವಷ್ಟು ಗಟ್ಟಿಯಾಗಿಯೇ ಹಡಗುಗಳನ್ನು ಕಟ್ಟಿರುತ್ತಾರೆ.

ಕೊನೆಯ ಅರ್ಧ ಗಂಟೆ ಎಲ್ಲರೂ ಮೇಲೆ ಹೋಗಿ ನಿಲ್ಲಿ. ಜೂನ್ ಆದರೂ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕು. ಮೊದಲು ಏನೂ ಕಾಣುವುದಿಲ್ಲ, ನೀರಿನ ಅಂಚಿನಲ್ಲಿ ಒಂದು ಬೂದುಗೆರೆ ಅಷ್ಟೇ. ಆಮೇಲೆ ಆ ಗೆರೆಯ ಮೇಲೆ ಸೂಜಿ ನಿಲ್ಲಿಸಿದ ಹಾಗೆ ಒಂದು ಗೋಪುರ. ಅದು ಒಲೆವಿಸ್ತೆ ಚರ್ಚು, ಸುಮಾರು 124 ಮೀಟರ್ ಎತ್ತರ. ಹಿಂದಿನ ಕಾಲದ ನಾವಿಕರು ಇದನ್ನೇ ಗುರುತು ಇಟ್ಟುಕೊಂಡು ಬಂದರು ಹಿಡಿಯುತ್ತಿದ್ದರಂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಗೋಪುರ, ಮತ್ತೊಂದು. ಬಲಗಡೆ ಗುಡ್ಡದ ಮೇಲೆ ಈರುಳ್ಳಿ ಆಕಾರದ ಗುಮ್ಮಟಗಳು, ಕೆಂಪು ಹೆಂಚು, ಕೋಟೆಯ ದುಂಡು ಬುರುಜುಗಳು. ವಿಮಾನದಲ್ಲಿ ಹೋದರೆ ಇದ್ಯಾವುದೂ ಸಿಗುವುದಿಲ್ಲ. ಸಮುದ್ರದಿಂದ ಬರುವವರಿಗೆ ಮುಖ ಮಾಡಿ ಕೂತ ಊರು ಇದು. ಹಾನ್ಸಾ ಅನ್ನುವ ಮಧ್ಯಯುಗದ ಉತ್ತರ ಯೂರೋಪಿನ ವ್ಯಾಪಾರಿ ಒಕ್ಕೂಟದ ಕಾಲದಲ್ಲಿ ಉಪ್ಪು, ಬಟ್ಟೆ, ತುಪ್ಪಳ, ಜೇನುಮೇಣ ಎಲ್ಲ ಇದೇ ನೀರಿನ ಮೇಲೆ ಬಂದು ಹೋಗುತ್ತಿದ್ದವು. ಆಗ ಊರಿನ ಹೆಸರು ರೇವಲ್.

ಇಳಿದ ಮೇಲೂ ಆ ದಾರಿಯನ್ನೇ ಹಿಡಿಯಿರಿ. ಟ್ಯಾಕ್ಸಿ ಬೇಡ, ಬಂದರಿನಿಂದ ಹಳೆ ಊರಿಗೆ ಹದಿನೈದಿಪ್ಪತ್ತು ನಿಮಿಷದ ನಡಿಗೆ. ದಪ್ಪ ಮಾರ್ಗರೇಟ್ ಅಂತ ಕರೆಯುವ ದೊಡ್ಡ ದುಂಡು ಬುರುಜಿನ ಪಕ್ಕ ಒಂದು ಬಾಗಿಲಿದೆ. ದಡದ ಮಹಾದ್ವಾರ. ಹಡಗಿನಿಂದ ಬಂದವರು ಊರೊಳಗೆ ಹೋಗಲೆಂದೇ ಕಟ್ಟಿದ್ದು. ಅದರೊಳಗೆ ನುಗ್ಗಿದರೆ ಪಿಕ್ ಬೀದಿ, ಅಂದರೆ ಉದ್ದ ಬೀದಿ. ವ್ಯಾಪಾರಿಗಳ ಮನೆಗಳು ಸಾಲಾಗಿ ನಿಂತಿವೆ. ಕತ್ತೆತ್ತಿ ನೋಡಿ, ಕೆಲವು ಮನೆಗಳ ಅಟ್ಟದ ಕಿಟಕಿಯ ಮೇಲೆ ಒಂದು ತೊಲೆ ಹೊರಗೆ ಚಾಚಿರುತ್ತದೆ. ಅದಕ್ಕೆ ಹಗ್ಗ ಹಾಕಿ ಮೂಟೆಗಳನ್ನು ಅಟ್ಟಕ್ಕೆ ಎಳೆಯುತ್ತಿದ್ದರು. ಮಾವ ಊರಿನಲ್ಲಿ ಕಾಫಿ ಮೂಟೆಗಳ ಜೊತೆ ಬದುಕು ಕಳೆದವರು. ಆ ತೊಲೆಯ ಕೆಳಗೆ ತುಂಬ ಹೊತ್ತು ನಿಂತಿದ್ದರು. ಎಷ್ಟು ಭಾರ ತಡೆಯುತ್ತಿತ್ತು, ಹಗ್ಗ ಎಲ್ಲಿ ಸುತ್ತುತ್ತಿದ್ದರು ಅಂತ ನನ್ನನ್ನು ಕೇಳಿದರು. ಮಿಕ್ಕ ಯಾವ ಅರಮನೆ, ಚರ್ಚಿನ ಮುಂದೆಯೂ ಅವರು ಅಷ್ಟು ಹೊತ್ತು ನಿಲ್ಲಲಿಲ್ಲ.

ಅಪ್ಪ ಅಮ್ಮನಿಗೆ ನಿಜವಾಗಿ ಕಷ್ಟ ಕೊಡುವುದು ಹಡಗಲ್ಲ, ಈ ಬೀದಿಗಳ ಕಲ್ಲು. ಉರುಟು ಕಲ್ಲು ಹಾಸಿದ ದಾರಿ, ಮಳೆ ಬಂದರೆ ಜಾರುತ್ತದೆ. ಅತ್ತೆ ಚಪ್ಪಲಿ ಹಾಕಿಕೊಂಡು ಬಂದಿದ್ದರು, ಮಧ್ಯಾಹ್ನದ ಹೊತ್ತಿಗೆ ಮಂಡಿ ನೋವು ಶುರು. ಶೂ ಹಾಕಿಸಿ. ಮೇಲೂರಿಗೆ, ಅಂದರೆ ತೋಂಪೆಯ ಗುಡ್ಡಕ್ಕೆ, ನಿಧಾನಕ್ಕೆ ಹತ್ತಿಸಿ. ಅಲ್ಲಿಂದ ಇಡೀ ಹಳೆ ಊರು, ಅದರಾಚೆ ಕೊಲ್ಲಿ, ನೀವು ಬಂದ ಹಡಗು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಒಲೆವಿಸ್ತೆ ಗೋಪುರವನ್ನೂ ಹತ್ತಬಹುದು, ಆದರೆ ಇನ್ನೂರಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು. ಅವರನ್ನು ಕೆಳಗೆ ಕಾಫಿಗೆ ಕೂರಿಸಿ ನೀವೊಬ್ಬರೇ ಹತ್ತಿ ಬನ್ನಿ. ಪುರಭವನದ ಚೌಕ ಹೇಗೂ ನೋಡುತ್ತೀರಿ, ಪುರಭವನ 1404ರ ಕಟ್ಟಡ. ಚೌಕದ ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇದೆ, ದಾಖಲೆಗಳಲ್ಲಿ 1422ರಿಂದ ಅದರ ಹೆಸರು ಬರುತ್ತದೆ. ಈಗಲೂ ತೆರೆದಿದೆ. ಅತ್ತೆ ತಲೆನೋವಿನ ಮಾತ್ರೆಯನ್ನು ಅಲ್ಲೇ ತಗೊಂಡರು.

ಊಟ. ಹಳೆ ಊರಲ್ಲಿ ಸಸ್ಯಾಹಾರದ ಹೋಟೆಲುಗಳೂ, ಇಂಡಿಯನ್ ಊಟದ ಹೋಟೆಲುಗಳೂ ಇವೆ, ಉಪವಾಸ ಬೀಳುವ ಪ್ರಮೇಯ ಇಲ್ಲ. ಸೂಪ್ ತಗೊಂಡರೆ ಮಾಂಸ ಬೇಯಿಸಿದ ನೀರು ಹಾಕಿದ್ದೀರಾ ಅಂತ ಒಮ್ಮೆ ಕೇಳಿ. ಆದರೆ ನನ್ನ ಮಾತು ಕೇಳಿ, ರೈಲು ನಿಲ್ದಾಣದ ಪಕ್ಕದ ಮಾರ್ಕೆಟ್ಟಿಗೆ ಹೋಗಿ. ಬಾಲ್ಟಿ ಯಾಮಾ ಮಾರ್ಕೆಟ್ ಅನ್ನುತ್ತಾರೆ. ಅಲ್ಲಿ ರೈ ಧಾನ್ಯದ ಕಪ್ಪು ಬ್ರೆಡ್ಡು ಸಿಗುತ್ತದೆ. ಗಟ್ಟಿ, ಸ್ವಲ್ಪ ಹುಳಿ, ಬೆಣ್ಣೆ ಹಚ್ಚಿ ತಿಂದರೆ ಸಂಜೆವರೆಗೆ ಹಸಿವಿಲ್ಲ. ಇನ್ನೊಂದು ಕಾಮಾ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಪುಡಿ, ಹುಳಿ ಹಾಲಿನಲ್ಲೋ ಮೊಸರಿನಲ್ಲೋ ಕಲಸಿ ತಿನ್ನುತ್ತಾರೆ. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಅರಳಿಸಿ, "ಇದು ನಮ್ಮ ಹುರಿಹಿಟ್ಟೇ ಅಲ್ವೇನಪ್ಪಾ?" ಅಂದರು. ಅಂಗಡಿಯಾಕೆಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಅತ್ತೆಗೆ ಬರುವುದೇ ಇಲ್ಲ. ಇವರು ಹುರಿಯುವ ಹಾಗೆ, ಬೀಸುವ ಹಾಗೆ ಕೈ ಮಾಡಿ ತೋರಿಸಿದರು, ಆಕೆ ಹೌದು ಹೌದು ಅಂತ ತಲೆಯಾಡಿಸಿದಳು. ಎರಡು ಪ್ಯಾಕೆಟ್ ಹಾಸನಕ್ಕೆ ಹೋದವು. ಮೀನು ತಿನ್ನುವವರಿಗೆ ಕಿಲು ಅನ್ನುವ ಪುಟ್ಟ ಮೀನು ಇದೆ. ಮಸಾಲೆ ಉಪ್ಪಿನಲ್ಲಿ ಹಾಕಿಟ್ಟಿದ್ದನ್ನು ಕಪ್ಪು ಬ್ರೆಡ್ಡಿನ ಮೇಲೆ ಮೊಟ್ಟೆಯ ಜೊತೆ ಇಡುತ್ತಾರೆ. ನಮ್ಮ ಬೂತಾಯಿಗಿಂತ ಚಿಕ್ಕದು, ರುಚಿ ಮರೆಯುವಂಥದ್ದಲ್ಲ.

ದಪ್ಪ ಮಾರ್ಗರೇಟ್ ಪಕ್ಕದ ದಿಬ್ಬದ ಮೇಲೆ ಕಮಾನಿನಂತೆ ಬಾಗಿದ ಕಪ್ಪು ಕಬ್ಬಿಣದ ಗೆರೆಯೊಂದಿದೆ, ನಡುವೆ ತುಂಡಾಗಿದೆ. ಅದೊಂದು ಹಡಗು ದುರಂತದ ಸ್ಮಾರಕ. 1994ರ ಸೆಪ್ಟೆಂಬರ್ 28ರಂದು, ಮಧ್ಯರಾತ್ರಿ ಕಳೆದ ಮೇಲೆ, ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ ಎಸ್ಟೋನಿಯಾ ಎಂಬ ಹಡಗು ಬಿರುಗಾಳಿಯಲ್ಲಿ ಮುಳುಗಿತು. ಮುಂಭಾಗದ ಬಾಗಿಲು ಕಿತ್ತುಹೋಗಿ ವಾಹನಗಳ ಅಂತಸ್ತಿಗೆ ನೀರು ನುಗ್ಗಿತು. 852 ಜನ ಸತ್ತರು, ಉಳಿದವರು 137. ಆಮೇಲೆ ಈ ಬಗೆಯ ಹಡಗುಗಳ ಸುರಕ್ಷತೆಯ ನಿಯಮಗಳನ್ನು ತುಂಬ ಬಿಗಿ ಮಾಡಿದರು. ಹೋಗುವಾಗಲೇ ಅಮ್ಮನಿಗೆ ಇದನ್ನು ಹೇಳಬೇಡಿ. ಆದರೆ ನೀವು ಒಂದು ನಿಮಿಷ ಅಲ್ಲಿ ನಿಂತು ಬನ್ನಿ. ಇಷ್ಟು ಚಿಕ್ಕ ದೇಶದಲ್ಲಿ ಅದು ಬಹಳ ಮನೆಗಳ ಸಂಕಟ.

ಹೆಲ್ಸಿಂಕಿಯವರಿಗೂ ಟಾಲಿನ್‌ನವರಿಗೂ ಇರುವ ನಂಟನ್ನು ನೋಡಿದರೆ ನನಗೆ ಮನಸ್ಸು ತುಂಬಿಬರುತ್ತದೆ. ಭಾಷೆಗಳು ಹತ್ತಿರದ ಸಂಬಂಧಿಗಳು, ಕನ್ನಡ ತುಳು ಇದ್ದ ಹಾಗೆ. ಎಸ್ಟೋನಿಯಾ ಸೋವಿಯತ್ ಕೈಗೆ ಹೋದಾಗ ಈ 80 ಕಿಲೋಮೀಟರ್ ನೀರು ಗೋಡೆಯಾಯಿತು. ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ, 1965ರಲ್ಲಿ, ಹಡಗು ಮತ್ತೆ ಓಡಲು ಶುರುವಾಯಿತು. ಟಾಲಿನ್‌ನ ಜನ ಮನೆಯೊಳಗೆ ಕೂತು ಫಿನ್ಲೆಂಡಿನ ಟಿವಿ ಹಿಡಿದು ಆಚೆ ದಡದ ಬದುಕು ನೋಡುತ್ತಿದ್ದರು. 1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಈಗ ಅಲ್ಲಿಯವರು ಇಲ್ಲಿ ಕೆಲಸಕ್ಕೆ ಬರುತ್ತಾರೆ, ಇಲ್ಲಿಯವರು ಅಲ್ಲಿ ಹಲ್ಲು ಕಟ್ಟಿಸಲು, ಕೂದಲು ಕತ್ತರಿಸಲು, ಅಗ್ಗದ ಬಿಯರ್ ತರಲು ಹೋಗುತ್ತಾರೆ. ವಾಪಸ್ ಬರುವ ಹಡಗಿನಲ್ಲಿ ಬಿಯರ್ ಪೆಟ್ಟಿಗೆ ಕಟ್ಟಿದ ಕೈಗಾಡಿಗಳ ಸಾಲು ನೋಡುತ್ತೀರಿ.

ಈಗ ರಾತ್ರಿಯ ವಿಷಯ. ಹನ್ನೊಂದು ಗಂಟೆಯಿಂದ ಐದರವರೆಗೆ ಹಳೆ ಊರಿನ ತುಂಬ ನಮ್ಮಂಥ ಪ್ರವಾಸಿಗಳೇ. ದೊಡ್ಡ ಕ್ರೂಸ್ ಹಡಗು ಬಂದ ದಿನವಂತೂ ಚೌಕದಲ್ಲಿ ಜಾತ್ರೆ. ಸಂಜೆ ಹಡಗುಗಳು ಅವರನ್ನು ವಾಪಸ್ ತುಂಬಿಕೊಂಡು ಹೋಗುತ್ತವೆ. ಆಮೇಲೆ ಊರು ಊರಿನವರ ಕೈಗೆ ಸಿಗುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತೂವರೆಯ ಆಸುಪಾಸಿನಲ್ಲಿ. ಊಟ ಮುಗಿಸಿ ಅಪ್ಪ ಅಮ್ಮನನ್ನು ಕಾಲರಾಂಡ್ ಅನ್ನುವ ದಂಡೆಗೆ ಕರೆದುಕೊಂಡು ಹೋಗಿ, ಹಳೆ ಊರಿಗೆ ಹತ್ತಿರ, ದಾರಿ ಸಮತಟ್ಟು. ಹೆಸರಿನ ಅರ್ಥ ಮೀನಿನ ದಂಡೆ. ಆವತ್ತು ನಾವು ಅಲ್ಲೇ ಕೂತಿದ್ದೆವು. ಹುಡುಗರು ನೀರಿಗೆ ಹಾರುತ್ತಿದ್ದರು. ಒಬ್ಬ ಅಜ್ಜ ಗಾಳ ಹಾಕಿ ಕೂತಿದ್ದರು, ಪಕ್ಕದ ಬಕೆಟ್ಟಿನಲ್ಲಿ ಎರಡೇ ಮೀನು. ಹೆಲ್ಸಿಂಕಿಯ ಹಡಗು ದೀಪ ಹಚ್ಚಿಕೊಂಡು ಬಂದರು ಬಿಟ್ಟಿತು. ಬೆಳಿಗ್ಗೆ ನನ್ನ ಹೆಂಡತಿಯ ಕೈ ಹಿಡಿದು ಕೂತಿದ್ದ ಅತ್ತೆ ಅದನ್ನೇ ನೋಡುತ್ತಾ, "ನಾಳೆ ನಾವೂ ಮೇಲೇ ನಿಂತುಕೊಂಡು ಹೋಗೋಣ" ಅಂದರು.