ಈಗಷ್ಟೇ ಲೈಸೆನ್ಸ್ ಬಂದ ತಮ್ಮನಿಗೆ, ಜಾರುವ ಕಾರನ್ನು ಸಂಭಾಳಿಸೋದು ಕಲಿಸುವ ಸ್ಕಿಡ್ ಕಂಟ್ರೋಲ್ ಕೋರ್ಸ್ ಕೊಡಿಸಲೋ, ಡ್ರೈವಿಂಗ್ ಸ್ಕೂಲಿಗೇ ಇನ್ನೊಂದು ತಿಂಗಳು ಕಳಿಸಲೋ?

"ಲೈಸೆನ್ಸ್ ಬಂದು ಎರಡು ವಾರ ಆಯ್ತು, ಮಳೆಗಾಲ ಶುರುವಾಗ್ತಿದೆ, ಮನೆಯಲ್ಲಿ ಎಲ್ಲರಿಗೂ ಭಯ" ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನ್ನ ಬಲಗಾಲಿನ ಅಂಗಾಲು ಜುಮ್ ಅಂತು. ನಮ್ಮ ಮನೆಯಲ್ಲೂ ಹೀಗೇ ಇತ್ತು. 2019ರ ಮೇ ತಿಂಗಳಲ್ಲಿ ಲೈಸೆನ್ಸ್ ಕೈಗೆ ಬಂತು. ಜುಲೈನಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟೆ.

ಗಾಜನೂರು ದಾಟಿದ ಮೇಲೆ ಆ ರಸ್ತೆ ಕಾಡಿನೊಳಗೆ ಹೋಗುತ್ತೆ, ಮಂಡಗದ್ದೆ ಹತ್ತಿರ ತುಂಗೆ ರಸ್ತೆ ಮಗ್ಗುಲಿಗೇ ಬಂದುಬಿಡುತ್ತಾಳೆ. ಬೆಳಿಗ್ಗೆಯಿಂದ ಬಿಡದೆ ಜಿಟಿಜಿಟಿ ಮಳೆ. ಸ್ಪೀಡು ಅರವತ್ತರ ಆಸುಪಾಸು. ಒಂದು ತಿರುವು ಕಳೆದು ನೇರ ರಸ್ತೆಗೆ ಬಂದಾಗ ಎಡಗಡೆ ಟಾರಿನ ಮೇಲೆ ಹಸಿ ಸೊಪ್ಪಿನ ಕೊಂಬೆಗಳು ಬಿದ್ದಿದ್ದವು. ಗಾಳಿಗೆ ಮುರಿದು ಬಿದ್ದಿರಬೇಕು ಅಂದುಕೊಂಡೆ. ಮುಂದೆ ಗಾಡಿ ಕೆಟ್ಟು ನಿಂತಿದ್ದರೆ ಡ್ರೈವರುಗಳು ಹಿಂದಿನಿಂದ ಬರುವವರಿಗೆ ತಿಳಿಯಲಿ ಅಂತ ಸೊಪ್ಪು ಮುರಿದು ಹಾಕ್ತಾರೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ, ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೆ. ಸ್ಟಿಯರಿಂಗ್ ನನ್ನ ಕೈಯಲ್ಲಿದ್ದಾಗ ಮಾತ್ರ ಹೊಳೆಯಲಿಲ್ಲ. ಮಳೆಯ ಮಬ್ಬಿನಲ್ಲಿ ನೀಲಿ ಟಾರ್ಪಾಲು ಕಾಣಿಸಿತು. ಗೊಬ್ಬರದ ಮೂಟೆ ಹೇರಿದ ಪಿಕಪ್, ಟೈರ್ ಪಂಕ್ಚರ್ ಆಗಿ ಅರ್ಧ ರಸ್ತೆ ಮೇಲೆ, ಅರ್ಧ ಮಣ್ಣಿನ ಮೇಲೆ ನಿಂತಿತ್ತು.

ಬ್ರೇಕ್ ತುಳಿದೆ. ಜೋರಾಗೇ ತುಳಿದೆ. ಮರುಕ್ಷಣ ಪೆಡಲ್ ನನ್ನ ಅಂಗಾಲಿಗೆ ಟರ್ರ್ ಅಂತ ಒದೆಯೋಕೆ ಶುರು ಮಾಡ್ತು. ಕಡಲೆ ಮಿಷನ್ ಮೇಲೆ ಕಾಲಿಟ್ಟ ಹಾಗೆ ಅದುರಿತು, ಕೆಳಗಿಂದ ಕರಕರ ಸದ್ದು ಬೇರೆ. ಏನೋ ಮುರೀತು, ಬ್ರೇಕ್ ಕಿತ್ತುಹೋಯ್ತು ಅಂತ ಕಾಲು ತೆಗೆದೆ. ಮತ್ತೆ ಒತ್ತಿದೆ, ಮತ್ತೆ ಅದುರಿತು, ಮತ್ತೆ ತೆಗೆದೆ. ಮೂರನೇ ಸಲ ಒತ್ತುವ ಹೊತ್ತಿಗೆ ನಮ್ಮ ಕಾರಿನ ಎಡ ಮೂಲೆ ಪಿಕಪ್ಪಿನ ಹಿಂಬದಿಗೆ ಹೋಗಿ ಬಡಿದಿತ್ತು. ಎಡ ಮೂಲೆ ಅಂದರೆ ಅಪ್ಪ ಕೂತಿದ್ದ ಕಡೆ. ಅವರು ಡ್ಯಾಶ್‌ಬೋರ್ಡಿಗೆ ಕೈ ಊರಿದ್ದರು. ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಬೇಕಾಯ್ತು.

ಆ ಒಂದು ತಪ್ಪನ್ನು ಬಿಡಿಸಿ ಬಿಡಿಸಿ ಹೇಳ್ತೀನಿ, ನಿಮಗೆ ಉದ್ದ ಅನ್ನಿಸಿದರೂ ಪರವಾಗಿಲ್ಲ. ನಮ್ಮ ಕಾರಿನಲ್ಲಿ ಎಬಿಎಸ್, ಅಂದರೆ ಆಂಟಿ-ಲಾಕ್ ಬ್ರೇಕ್ ವ್ಯವಸ್ಥೆ ಇತ್ತು. ಚಕ್ರ ಉರುಳೋದು ನಿಂತು ಜಾರೋಕೆ ಹೊರಟ ತಕ್ಷಣ ಎಬಿಎಸ್ ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವಾರು ಸಲ ಬಿಟ್ಟು ಹಿಡಿದು ಮಾಡುತ್ತೆ. ಕಾಲಿಗೆ ಆಗುವ ಅದುರಾಟ ಅದೇ. ಆಮೇಲೆ ಸರ್ವೀಸ್ ಸೆಂಟರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕೇಳಿದರು, "ಪೆಡಲ್ ಅದುರಿತಾ ಮೇಡಂ? ಅದುರಿದ್ರೆ ಬ್ರೇಕ್ ಸರಿಯಾಗೇ ಇತ್ತು. ನೀವು ಕಾಲು ತೆಗೀಬಾರದಿತ್ತು." ಅಷ್ಟೇ ಹೇಳಿ ಬಾನೆಟ್ ಮುಚ್ಚಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ತೆಗೆದೆ ಅಂದರೆ, ಆ ಅದುರಾಟ ನನಗೆ ಅದೇ ಮೊದಲು. ಜೊತೆಗೆ ನನಗೆ ಕಾರು ಹತ್ತಿಸಿದ ಸೋದರಮಾವ ಹಳೇ ಜೀಪು ಓಡಿಸಿದವರು. "ಒತ್ತಿ ಬಿಡು, ಒತ್ತಿ ಬಿಡು ಮಾರಾಯ್ತಿ, ಒಂದೇ ಸಲ ತುಳಿದ್ರೆ ಗಾಡಿ ತಿರುಗಿ ನಿಲ್ತದೆ" ಅಂತ ದಿನಾ ಹೇಳಿದ್ದರು. ಅವರ ಜೀಪಿಗೆ ಅದು ಸರಿಯಾದ ಮಾತು. ಎಬಿಎಸ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಲಾಕ್ ಆದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತೆ, ಹಿಡಿತ ಬರಬೇಕಾದರೆ ಬ್ರೇಕ್ ಸ್ವಲ್ಪ ಬಿಡಲೇಬೇಕು. ಎಬಿಎಸ್ ಇರುವ ಕಾರಿನಲ್ಲಿ ಆ ಕೆಲಸವನ್ನು ಕಾರು ಮಾಡುತ್ತೆ. ನಾವೂ ಬಿಟ್ಟರೆ, ಬಿಟ್ಟಷ್ಟು ಹೊತ್ತು ಬ್ರೇಕೇ ಇಲ್ಲ. ಅರವತ್ತರಲ್ಲಿ ಒಂದು ಸೆಕೆಂಡಿಗೆ ಕಾರು ಹತ್ತಿರ ಹತ್ತಿರ 17 ಮೀಟರ್ ಹೋಗುತ್ತೆ. ನಾನು ಎರಡು ಸಲ ಕಾಲು ತೆಗೆದಿದ್ದೆ.

ಅಪ್ಪನ ಕೈಗೆ ಪ್ಲೇಟ್ ಹಾಕಿದ ಮೇಲೆ ನಾನು ಆ ಜಾಗಕ್ಕೆ ವಾಪಸ್ ಹೋಗಿ ಹೆಜ್ಜೆ ಹಾಕಿ ಅಳೆದೆ. ಪಿಕಪ್ ನನ್ನ ಕಣ್ಣಿಗೆ ಬಿದ್ದ ಕಡೆಯಿಂದ ಅದು ನಿಂತಿದ್ದ ಜಾಗಕ್ಕೆ 50 ಮೀಟರ್ ಮೇಲೇ ಇತ್ತು. ನೋಡಿ ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್, ಅಂದರೆ 17 ಮೀಟರ್. ಟೈರ್ ಚೆನ್ನಾಗಿದ್ದರೆ ಒದ್ದೆ ಟಾರಿನ ಮೇಲೆ ಅರವತ್ತರಿಂದ ಪೂರ್ತಿ ನಿಲ್ಲೋಕೆ 25ರಿಂದ 30 ಮೀಟರ್ ಸಾಕು. ನಿಂತಿರುತ್ತಿತ್ತು. ನಿಲ್ಲದೇ ಹೋಗಿದ್ದರೂ, ಎದುರಿನಿಂದ ಒಂದು ಸೈಕಲ್ಲೂ ಬರ್ತಿರಲಿಲ್ಲ. ಬ್ರೇಕ್ ಒತ್ತಿಕೊಂಡೇ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ್ದರೆ ಪಕ್ಕದಲ್ಲಿ ಹಾದುಹೋಗಿರ್ತಿದ್ದೆ. ಒತ್ತಿದ ಬ್ರೇಕಿನಲ್ಲೇ ಕಾರು ತಿರುಗಲಿ ಅಂತಲೇ ಎಬಿಎಸ್ ಇಟ್ಟಿರೋದು. ನನಗೆ ಅದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಪ್ಪ ಈಗಲೂ ಸುಗ್ಗಿಯಲ್ಲಿ ಅಡಿಕೆ ಸುಲಿಯೋರ ಜೊತೆ ಬಂದು ಕೂರ್ತಾರೆ. ಮೆಟ್ಟುಗತ್ತಿಗೆ ಕಾಯಿ ಒತ್ತಿ ಸಿಪ್ಪೆ ಎತ್ತುವಾಗ ಮಣಿಕಟ್ಟು ತಿರುಗಬೇಕು, ಅವರದು ತಿರುಗಲ್ಲ. ಹತ್ತು ಕಾಯಿ ಸುಲಿದು ಎದ್ದು ಹೋಗ್ತಾರೆ.

ಈಗ ನಿಮ್ಮ ಪ್ರಶ್ನೆ. ಎರಡೂ ಬೇಡ ಅಂತೀನಿ, ಈಗಲೇ ಅಂತೂ ಬೇಡ.

ಡ್ರೈವಿಂಗ್ ಸ್ಕೂಲಿಗೆ ಕಾರು ಕಲಿಸೋಕೆ ಕೇಂದ್ರ ನಿಯಮದಲ್ಲಿ ಇರೋದು ಕನಿಷ್ಠ 21 ದಿನ, 10 ಗಂಟೆ ಚಾಲನೆ. ನನಗೂ ಅಷ್ಟು ಆಗಿತ್ತು. ಕ್ಲಚ್ಚು, ಗೇರು, ರಿವರ್ಸು, ಏರಿನಲ್ಲಿ ನಿಲ್ಲಿಸಿ ಎತ್ತೋದು ಎಲ್ಲ ಕಲಿಸಿದರು. ಆದರೆ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಲ್ಲ, ನಾಯಿ ಅಡ್ಡ ಬಂದಾಗ, ಆಟೋ ನುಗ್ಗಿದಾಗ ಗಟ್ಟಿಯಾಗಿ ತುಳಿದದ್ದು ಪ್ರತಿ ಸಲವೂ ಅವರೇ. ನನ್ನ ಕಾಲು ಒಂದು ಸಲವೂ ಬ್ರೇಕನ್ನು ಪೂರ್ತಿ ಒತ್ತಿರಲಿಲ್ಲ. ಇನ್ನೊಂದು ತಿಂಗಳು ಕಳಿಸಿದರೆ ನಿಮ್ಮ ತಮ್ಮನಿಗೂ ಅದೇ ಆಗುತ್ತೆ.

ಸ್ಕಿಡ್ ಕೋರ್ಸ್ ವಿಷಯದಲ್ಲಿ ನನ್ನದು ಇನ್ನೂ ಗಟ್ಟಿ ಅಭಿಪ್ರಾಯ. ನಾರ್ವೆಯಲ್ಲಿ 1979ರಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದರು. ಆಮೇಲೆ ಲೆಕ್ಕ ಹಾಕಿ ನೋಡಿದಾಗ, ತರಬೇತಿ ಪಡೆದ ಹುಡುಗರಲ್ಲಿ ಅಂಥ ರಸ್ತೆಯ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಜಾರಿದರೆ ಸಂಭಾಳಿಸ್ತೀನಿ ಅನ್ನುವ ಧೈರ್ಯ ಬಂದವನು ಜಾರುವಷ್ಟು ಜೋರಾಗಿ ಹೋಗ್ತಾನೆ. ಕೈಗೆ ಬಂದ ಕಸರತ್ತು ಅಭ್ಯಾಸವಿಲ್ಲದೆ ಮರೆತುಹೋಗುತ್ತೆ, ಧೈರ್ಯ ಮಾತ್ರ ಉಳಿಯುತ್ತೆ. ನಿಮ್ಮ ತಮ್ಮ ಹತ್ತೊಂಬತ್ತರ ಹುಡುಗ ಅಂತ ಬೇರೆ ಬರೆದಿದ್ದೀರಿ.

ನಾನು ನನ್ನ ಚಿಕ್ಕಪ್ಪನ ಮಗಳಿಗೆ ಮಾಡಿಸಿದ್ದನ್ನು ಹೇಳ್ತೀನಿ. ಭಾನುವಾರ ಬೆಳಿಗ್ಗೆ ಆರಕ್ಕೆ ಊರಾಚೆ ಮನೆ ಕಟ್ಟದ ಹೊಸ ಲೇಔಟಿಗೆ ಕರೆದುಕೊಂಡು ಹೋದೆ. ರಸ್ತೆ ನೇರ ಇತ್ತು, ಹಿಂದೆ ಮುಂದೆ ಒಂದು ನರಪಿಳ್ಳೆ ಇರಲಿಲ್ಲ. ಸೀಟಿನ ಕೆಳಗೆ ಉರುಳುತ್ತಿದ್ದ ನೀರಿನ ಬಾಟಲಿ ತೆಗೆಸಿದೆ, ಅದು ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಯಾವ ತರಬೇತಿಯೂ ಕಾಯಲ್ಲ. ಬ್ರೇಕ್ ತಳಕ್ಕೆ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರುವ ಹಾಗೆ ಸೀಟು ಮುಂದಕ್ಕೆ ಹಾಕಿಸಿದೆ. ಇಬ್ಬರೂ ಬೆಲ್ಟ್ ಹಾಕಿಕೊಂಡೆವು. ಮೂವತ್ತಕ್ಕೆ ಹೋಗಿ, ನಾನು "ಹೂಂ" ಅಂದ ಕೂಡಲೇ ಕ್ಲಚ್ಚು ಬ್ರೇಕು ಎರಡನ್ನೂ ಒಟ್ಟಿಗೆ, ಪೆಡಲ್ ಮುರೀಲಿ ಅನ್ನುವ ಹಾಗೆ ತುಳೀಬೇಕು, ಕಾರು ನಿಂತ ಮೇಲೇ ಕಾಲು ತೆಗೀಬೇಕು ಅಂದೆ.

ಮೊದಲ ಸಲ ಅವಳು ಒತ್ತಿದ್ದು ಸಿಗ್ನಲ್‌ನಲ್ಲಿ ಒತ್ತುವಷ್ಟು. ಎರಡನೇ ಸಲವೂ ಅಷ್ಟೇ. "ಅಕ್ಕಾ, ಕಾರಿಗೆ ಏನಾದ್ರೂ ಆದ್ರೆ?" ಅಂತಿದ್ದಳು. ಏಳನೇ ಸಲಕ್ಕೆ ಪೂರ್ತಿ ತುಳಿದಳು. ರಸ್ತೆಯ ಮರಳಿನ ಮೇಲೆ ಪೆಡಲ್ ಟರ್ರ್ ಅಂದಿತು, ಕಿರುಚಿದಳು, ಆದರೆ ಕಾಲು ತೆಗೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ನಲವತ್ತಕ್ಕೆ ಮಾಡಿಸಿದೆ. ಕೊನೆಗೆ ಒಂದು ಖಾಲಿ ರಟ್ಟಿನ ಪೆಟ್ಟಿಗೆ ರಸ್ತೆ ಮಧ್ಯೆ ಇಟ್ಟು, ಬ್ರೇಕ್ ಬಿಡದೆ ಪಕ್ಕಕ್ಕೆ ತಿರುಗಿಸೋಕೆ ಹೇಳಿದೆ. ನಾಲ್ಕು ಸಲ ಪೆಟ್ಟಿಗೆ ನುಜ್ಜಾಯ್ತು, ಪೆಟ್ಟಿಗೆಯನ್ನೇ ನೋಡ್ತಾ ಹೋದರೆ ಕೈ ಅಲ್ಲಿಗೇ ಎಳೆಯುತ್ತೆ. ಪಕ್ಕದ ಖಾಲಿ ಜಾಗ ನೋಡು ಅಂದ ಮೇಲೆ ದಾಟಿದಳು. ಮಳೆ ಬಂದ ಒಂದು ದಿನ ಮತ್ತೆ ಹೋಗಿ ಇದನ್ನೇ ಮಾಡಿಸಿದೆ. ಖರ್ಚು ಪೆಟ್ರೋಲ್ ಮಾತ್ರ.

ಹೋಗುವ ಮುಂಚೆ ನಿಮ್ಮ ಕಾರಿನ ಇಗ್ನಿಷನ್ ಆನ್ ಮಾಡಿ ಮೀಟರಿನಲ್ಲಿ ಎಬಿಎಸ್ ಅಂತ ಇರುವ ಹಳದಿ ದೀಪ ನೋಡಿ. ಹತ್ತಿ ಸ್ವಲ್ಪ ಹೊತ್ತಿಗೆ ಆರಬೇಕು. ಆರದೆ ಉರೀತಾನೇ ಇದ್ದರೆ ಎಬಿಎಸ್ ಕೆಲಸ ಮಾಡ್ತಿಲ್ಲ, ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ. ದೀಪವೇ ಹತ್ತದಿದ್ದರೆ ಕಾರಿನಲ್ಲಿ ಎಬಿಎಸ್ಸೇ ಇಲ್ಲದಿರಬಹುದು, ಹಳೇ ಕಾರುಗಳಲ್ಲಿ ಇರಲ್ಲ. ಆಗ ನಮ್ಮ ಮಾವ ಹೇಳಿದ್ದೇ ಕಲಿಸಬೇಕು, ಮೇಲೆ ಹೇಳಿದ್ದಲ್ಲ. ಟೈರಿನ ಗಾಳಿ ನೋಡಿಸಿ, ಗೀರು ಸವೆದಿದ್ದರೆ ಕೋರ್ಸಿಗೆ ಎತ್ತಿಟ್ಟ ದುಡ್ಡಲ್ಲಿ ಟೈರ್ ಹಾಕಿಸಿ. ಮೊದಲ ಸಲ ಪೆಡಲ್ ಅದುರುವಾಗ ನೀವೇ ಅವನ ಪಕ್ಕದಲ್ಲಿ ಕೂತಿರಿ.