ಅಜ್ಜನ ಟ್ರಂಕಿನಲ್ಲಿ ಹಳೆ ತೋಟಾ ಸಿಕ್ಕಿವೆ. ಲ್ಯಾಬ್‌ನವರು ಇವನ್ನು ಸಿಡಿಯದ ಹಾಗೆ ಹೇಗೆ ಪರೀಕ್ಷೆ ಮಾಡ್ತಾರೆ?

ಶಿರಹಟ್ಟಿ ಕಡೆಯ ನಿಮ್ಮೂರಲ್ಲಿ ಹಳೆ ಮನೆ ಬಿಚ್ಚುವಾಗ ಅಜ್ಜನ ಟ್ರಂಕಿನಲ್ಲಿ 12 ಬೋರ್ ಬಂದೂಕಿನ ನಾಲ್ಕು ತೋಟಾ ಸಿಕ್ಕವು, ಒಂದರ ತಳದಲ್ಲಿ ಸಣ್ಣ ಕುಳಿ ಇದೆ, ಅದು ಖಾಲಿ ಇರಬೇಕು ಅಂತ ಬರೆದಿದ್ದೀರಿ. ಪೊಲೀಸರಿಗೆ ಕೊಟ್ಟರೆ ಲ್ಯಾಬ್‌ನಲ್ಲಿ ಏನು ಮಾಡ್ತಾರೆ, ಬಿಚ್ಚುವಾಗ ಸಿಡಿಯಲ್ವಾ ಅಂತಲೂ ಕೇಳಿದ್ದೀರಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಂದೂಕು, ತೋಟಾ ಪರೀಕ್ಷಿಸುವ ಅಂಥ ಲ್ಯಾಬ್‌ನಲ್ಲೇ ಕೆಲಸ ಮಾಡಿ ಈಗ ಧಾರವಾಡದಲ್ಲಿ ಆರಾಮಾಗಿ ಕೂತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಕುಳಿಯ ವಿಷಯ. ತೋಟಾದ ಬಾಯಿ ಇನ್ನೂ ಮುಚ್ಚಿದ್ದರೆ ಅದು ಖಾಲಿ ಅಲ್ಲ. ಯಾರೋ ಕುದುರೆ, ಅಂದರೆ ಟ್ರಿಗರ್, ಎಳೆದಿದ್ದಾರೆ, ಬಂದೂಕಿನ ಸೂಜಿ ತಳಕ್ಕೆ ಬಡಿದಿದೆ, ಆದರೆ ತೋಟಾ ಹಾರಿಲ್ಲ. ಹಾರಿಲ್ಲ ಅಂದರೆ ಸತ್ತಿದೆ ಅಂತಲ್ಲ. ಒಂದು ಪೆಟ್ಟು ತಿಂದ ಕ್ಯಾಪ್ ಇನ್ನೊಂದು ಪೆಟ್ಟಿಗೆ ಸಿಡಿದರೂ ಸಿಡಿಯಬಹುದು.

ತಳದ ನಡುವೆ ದುಂಡಗೆ ಕಾಣುವ ಆ ಚಿಕ್ಕ ಬಿಲ್ಲೆಯೇ ಕ್ಯಾಪ್. ಅದರೊಳಗೆ ಚಿಟಿಕೆಗಿಂತ ಕಡಿಮೆ ಮದ್ದು ಇರುತ್ತದೆ. ಪೆಟ್ಟು ಬಿದ್ದರೆ ಅದು ಕಿಡಿಯಾಗಿ ಒಳಗಿನ ದೊಡ್ಡ ಮದ್ದಿಗೆ ಹೊತ್ತಿಸುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಬಂದೂಕಿನ ಹೊರಗೆ ಸಿಡಿದ ತೋಟಾದಿಂದ ಗುಂಡು ನೆಟ್ಟಗೆ ಹಾರಿ ಹೋಗುವುದಿಲ್ಲ, ಯಾಕೆಂದರೆ ಸುತ್ತ ನಳಿಗೆಯ ಹಿಡಿತ ಇರುವುದಿಲ್ಲ. ಕವಚ ಒಡೆದು ಹಿತ್ತಾಳೆ ಚೂರು ಚಿಮ್ಮುತ್ತದೆ. ಬೆರಳಿಗೋ ಕಣ್ಣಿಗೋ ಅಷ್ಟೇ ಸಾಕು. ಅದಕ್ಕೇ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಬಿಸಿಲಿಗೆ ಒಣಗಿಸುವುದು, ಇಕ್ಕಳ ಹಾಕಿ ತಿರುಗಿಸುವುದು, ಕೀ ಚೈನ್ ಮಾಡುವುದು ಯಾವುದೂ ಬೇಡ. ಹಸಿರು ಕಿಲುಬು ಹಿಡಿದಿದ್ದರೆ ಹಿಡಿದಿರಲಿ.

ಲ್ಯಾಬ್‌ನಲ್ಲಿ ಬಿಚ್ಚುವುದು ಕೊನೆಯ ಕೆಲಸ, ಅದೂ ಅಗತ್ಯ ಬಿದ್ದರೆ ಮಾತ್ರ. ಪೊಲೀಸರು ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ, ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ ಕಳಿಸುತ್ತಾರೆ. ನಾವು ಮೊದಲು ನೋಡುವುದು ಆ ಮುದ್ರೆ ಸರಿಯಾಗಿದೆಯಾ ಅಂತ. ಆಮೇಲೆ ಫೋಟೊ, ಅಳತೆ, ತೂಕ. ತಳದ ಅಕ್ಷರ ಓದುತ್ತೇವೆ. 'ಕೆಎಫ್' ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಮಾಲು. ಅಂದ ಹಾಗೆ, 12 ಬೋರ್ ಅಂದರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಎರಕ ಹೊಯ್ದರೆ, ಅಂಥ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ ಅದು. ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ನಾಡಪಿಸ್ತೂಲನ್ನೂ ಅದರ ಜೊತೆ ಬಂದ ತೋಟಾಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡಿದ್ದೆ. ಹಿರಿಯರೊಬ್ಬರು ಬಂದರು. ಏನೂ ಮಾತಾಡದೆ ತೋಟಾ ಟ್ರೇ ಎತ್ತಿಕೊಂಡು ಹೋಗಿ ಪಕ್ಕದ ಕೋಣೆಯಲ್ಲಿಟ್ಟರು. ತಿರುಗಿ ಬಂದು ನನ್ನ ಚಹಾ ಕಪ್ಪನ್ನೂ ಎತ್ತಿಕೊಂಡು ಹೋದರು. ಆಯುಧ ಮತ್ತು ಅದಕ್ಕೆ ಹೊಂದುವ ತೋಟಾ ಒಂದೇ ಮೇಜಿನ ಮೇಲೆ ಇರಬಾರದು ಅನ್ನುವುದು ಒಂದು ಪಾಠ. ಸೀಸದ ಪುಡಿ ಬೀಳುವ ಜಾಗದಲ್ಲಿ ಬಾಯಿಗೆ ಏನೂ ಹಾಕಬಾರದು ಅನ್ನುವುದು ಇನ್ನೊಂದು. ಎರಡನೆಯದನ್ನು ಕಲಿಯಲು ನನಗೆ ಜಾಸ್ತಿ ದಿನ ಹಿಡಿಯಿತು, ಚಹಾದ ಚಟ.

ತೋಟಾ ಜೀವಂತವಾ ಅಂತ ಕೋರ್ಟ್ ಕೇಳುತ್ತದೆ. ಅದಕ್ಕೆ ಹಾರಿಸಿಯೇ ನೋಡಬೇಕಾಗುತ್ತದೆ. ನಾಡಪಿಸ್ತೂಲನ್ನು ಕೈಯಲ್ಲಿ ಹಿಡಿದು ಹಾರಿಸುವ ಧೈರ್ಯ ಯಾರೂ ಮಾಡಬಾರದು. ಅದನ್ನು ಚೌಕಟ್ಟಿಗೆ ಬಿಗಿದು ದೂರದಿಂದ ಕುದುರೆ ಎಳೆಯುತ್ತೇವೆ. ನಳಿಗೆಯಿಂದ ಗುಂಡಿನ ಮೇಲೆ ಮೂಡುವ ಗೀರು ಹಾಳಾಗಬಾರದು ಅಂತಿದ್ದರೆ ನೀರಿನ ತೊಟ್ಟಿಗೋ ಹತ್ತಿ ತುಂಬಿದ ಪೆಟ್ಟಿಗೆಗೋ ಹಾರಿಸುತ್ತೇವೆ.

ಈಗ ನಿಮ್ಮ ಕುಳಿಗೆ ವಾಪಸ್ ಬರೋಣ. ರೈಫಲ್, ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಗುಂಡಿನ ಮೇಲೆ ಮೂಡುತ್ತವೆ. 12 ಬೋರ್ ನಳಿಗೆ ಒಳಗೆ ನುಣುಪು, ಹಾರುವುದೂ ಛರ್ರೆಗಳು, ಅಂದರೆ ಸಣ್ಣ ಕಾಳಿನಂಥ ಗುಂಡುಗಳು. ಅವನ್ನು ಇಟ್ಟುಕೊಂಡು ಇದೇ ಬಂದೂಕು ಅಂತ ಹೇಳಲು ಆಗುವುದಿಲ್ಲ. ಹೇಳುವುದೇನಿದ್ದರೂ ತೋಟಾದ ತಳವೇ ಹೇಳಬೇಕು. ಸೂಜಿಯ ತುದಿಯಲ್ಲಿ ಒಂದು ಮುಕ್ಕು ಇದ್ದರೆ ಅದೇ ಮುಕ್ಕು ಕುಳಿಯ ತಳದಲ್ಲಿ ಕೂತಿರುತ್ತದೆ. ಎರಡು ಮೈಕ್ರೋಸ್ಕೋಪ್ ಜೋಡಿಸಿದ ಒಂದು ಉಪಕರಣ ಇದೆ, ಗುಂಡುಗಳನ್ನು ಹೋಲಿಸಲು 1920ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು. ಎಡಕ್ಕೆ ಕೇಸಿನ ತೋಟಾ, ಬಲಕ್ಕೆ ನಾವು ಹಾರಿಸಿದ್ದು. ನಡುವೆ ಒಂದು ಸಣ್ಣ ಗೆರೆ. ತೋಟಾವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಒಂದು ಗಳಿಗೆಯಲ್ಲಿ ಎಡದ ಗೀರು ಗೆರೆ ದಾಟಿ ಬಲದ ಗೀರಿಗೆ ಸೇರಿಬಿಡುತ್ತದೆ, ಸೀರೆಯ ಎರಡು ತುಂಡು ಜೋಡಿಸಿದಾಗ ಅಂಚಿನ ಪಟ್ಟಿ ಕೂಡುವ ಹಾಗೆ. ಕೆಲವೊಮ್ಮೆ ಎರಡು ದಿನ ತಿರುಗಿಸಿದರೂ ಸೇರುವುದಿಲ್ಲ. ಆಗ 'ಹೇಳಲು ಆಗದು' ಅಂತ ಬರೆದು ಸಹಿ ಹಾಕಬೇಕು. ಪೊಲೀಸರಿಗೆ ಇಷ್ಟವಾಗುವುದಿಲ್ಲ, ಆದರೂ ಬರೆಯಬೇಕು. ನೀವು ತಿಕ್ಕಿ ಹೊಳಪು ಮಾಡಿದರೆ ಮೊದಲು ಹೋಗುವುದು ಈ ಗೀರುಗಳೇ.

ಕೇಸ್ ಆಗುತ್ತಾ ಅನ್ನುವ ಭಯ ನಿಮಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಇರದಿದ್ದರೂ ಲೈಸೆನ್ಸ್ ಇಲ್ಲದೆ ಬರೀ ತೋಟಾ ಇಟ್ಟುಕೊಂಡರೂ ತಪ್ಪೇ. ಆದರೆ ಇಟ್ಟುಕೊಳ್ಳುವ ಹಕ್ಕು ಇಲ್ಲದಾದಾಗ ಹತ್ತಿರದ ಠಾಣೆಗೆ ಒಪ್ಪಿಸಿ ಅಂತ ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ತಡ ಮಾಡಿದಷ್ಟೂ ನಿಮಗೇ ಕಷ್ಟ. ನಿಮ್ಮ ಕಡೆಯ ಕಪ್ಪತಗುಡ್ಡದ ಸೀಮೆಯಲ್ಲಿ ಹಂದಿ ಕಾಟಕ್ಕೆ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟವರು ಇದ್ದಾರೆ. ನಿಮ್ಮ ಅಜ್ಜನದೂ ಅದೇ ಇರಬಹುದು. ಟ್ರಂಕಿನ ಕಾಗದಗಳಲ್ಲಿ ಲೈಸೆನ್ಸ್ ಪುಸ್ತಕ ಇದೆಯಾ ನೋಡಿ, ತುಂಬಾ ಅನುಕೂಲ ಆಗುತ್ತದೆ.

ಜೇಬಿನಲ್ಲಿ ಹಾಕಿಕೊಂಡು ಬೈಕಿನ ಮೇಲೆ ಠಾಣೆಗೆ ಹೋಗಬೇಡಿ. ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರ ಇಟ್ಟು, ಠಾಣೆಗೋ 112ಕ್ಕೋ ಫೋನ್ ಮಾಡಿ. ಅವರೇ ಬಂದು ಪಂಚನಾಮೆ ಮಾಡಿ ಒಯ್ಯುತ್ತಾರೆ.

ಒಂದು ಕುತೂಹಲ. ಆ ಕುಳಿ ಬಿಲ್ಲೆಯ ನಡುಮಧ್ಯಕ್ಕಿದೆಯಾ, ಇಲ್ಲ ಒಂದು ಬದಿಗೆ ಸರಿದಿದೆಯಾ? ನೀವು ಆಗಲೇ ತೆಗೆದ ಫೋಟೊದಲ್ಲೇ ನೋಡಿ ಹೇಳಿ, ಮತ್ತೆ ಕೈ ಹಾಕಬೇಡಿ.